ಮೂರನೇ ಸಾಲಿನವರು

ಏಳು ಸೀಟಿನ ಕಾರಿಗೆ 'ಫ್ಯಾಮಿಲಿ ಕಾರು' ಎಂದು ಯಾರು ಹೆಸರಿಟ್ಟರೋ ಕಾಣೆ. ಅವರು ಅದರ ಮೂರನೇ ಸಾಲಿನಲ್ಲಿ ಎರಡು ಗಂಟೆ ಕೂತು ಎದ್ದವರಲ್ಲ ಎಂಬುದನ್ನು ಮಾತ್ರ ನಾನು ಬರೆದುಕೊಡಬಲ್ಲೆ. ನಂಬಿಕೆ ಬಾರದಿದ್ದರೆ ಮುಂದಿನ ಸಲ ಮದುವೆಗೆ ಹೋದಾಗ ಛತ್ರದ ಬಾಗಿಲಲ್ಲಿ ಐದು ನಿಮಿಷ ನಿಂತು, ಬಂದು ನಿಲ್ಲುವ ದೊಡ್ಡ ಗಾಡಿಗಳಿಂದ ಯಾರು ಹೇಗೆ ಇಳಿಯುತ್ತಾರೆ ಎಂದು ನೋಡಿ. ಮುಂದಿನ ಎರಡು ಬಾಗಿಲು ತೆರೆದು ಇಬ್ಬರು ಗಂಡಸರು ಇಳಿಯುತ್ತಾರೆ. ನಡುವಿನ ಸಾಲಿನಿಂದ ಮನೆಯ ಯಜಮಾನರು, ಅಳಿಯಂದಿರು, ಇಂಜಿನಿಯರಿಂಗ್ ಓದುವ ಉದ್ದ ಕಾಲಿನ ಮಗ ಇಳಿಯುತ್ತಾರೆ. ಅವರೆಲ್ಲ ಪಂಚೆ, ಪ್ಯಾಂಟು ಸರಿಮಾಡಿಕೊಂಡು, ಪನ್ನೀರು ಚಿಮುಕಿಸಿಕೊಂಡು ಒಳಗೆ ನಡೆದ ಮೇಲೆ ಯಾರೋ ಒಬ್ಬರಿಗೆ ನೆನಪಾಗಿ, ವಾಪಸು ಬಂದು ನಡುವಿನ ಸೀಟನ್ನು ಮಡಚುತ್ತಾರೆ. ಆಗ ಒಳಗಿನಿಂದ ಮೊದಲು ಒಂದು ಸ್ಟೀಲ್ ಡಬ್ಬ, ಆಮೇಲೆ ಒಂದು ಮಗು, ಕೊನೆಗೆ ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಮುದ್ದೆಮಾಡಿ ಹಿಡಿದ ಒಬ್ಬ ಹೆಂಗಸು ಬಗ್ಗಿಕೊಂಡು ಹೊರಬರುತ್ತಾಳೆ. ಮುಡಿದ ಮಲ್ಲಿಗೆ ಗಾಡಿಯ ಮಾಡಿಗೆ ಉಜ್ಜಿ ಅರ್ಧ ಉದುರಿರುತ್ತದೆ. ಅವಳೇ ಆ ಫ್ಯಾಮಿಲಿ.

ಹೀಗೆ ಕೂರಬೇಕೆಂದು ಎಲ್ಲೂ ಬರೆದಿಲ್ಲ. ಆರ್.ಸಿ.ಯಲ್ಲಿ ಏಳು ಜನ ಎಂದಷ್ಟೇ ಇರುತ್ತದೆ, ಅದೂ ಓಡಿಸುವವರನ್ನು ಸೇರಿಸಿ. ಯಾರು ಯಾವ ಸಾಲು ಎಂದು ಸಾರಿಗೆ ಇಲಾಖೆ ಹೇಳುವುದಿಲ್ಲ. ಆದರೂ ಗಾಡಿ ಗೇಟಿನ ಮುಂದೆ ಬಂದು ನಿಂತ ಕೂಡಲೇ, ಯಾರೂ ಯಾರಿಗೂ ಹೇಳದೆ, ನಾವು ಹೆಂಗಸರು ಹಿಂದಕ್ಕೆ ಸರಿಯುತ್ತೇವೆ. ಗಂಡಸರಿಗೆ ಮೊದಲ ಪಂಕ್ತಿ, ಬಡಿಸಿದವರಿಗೆ ಕೊನೆಯ ಪಂಕ್ತಿ ಎಂಬ ಪದ್ಧತಿ ಈಗ ಬಹಳ ಮನೆಗಳಲ್ಲಿ ಹೋಗಿದೆ. ಡೈನಿಂಗ್ ಟೇಬಲ್ ಬಂದ ಮೇಲೆ ಎಲ್ಲರೂ ಒಟ್ಟಿಗೇ ಕೂರುತ್ತೇವೆ ಎಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಪದ್ಧತಿ ಎಲ್ಲಿಗೆ ಹೋಯಿತು ಎಂದು ಹುಡುಕಿದರೆ, ಎಲ್ಲೂ ಹೋಗಿಲ್ಲ, ಕಾರಿನೊಳಗೆ ಹತ್ತಿ ಕೂತಿದೆ.

ಈ ಗಾಡಿಯಿಂದ ನಮಗೆ ಒಳ್ಳೆಯದೇ ಆಗಿಲ್ಲ ಎನ್ನುವ ಜಾತಿಯವಳು ನಾನಲ್ಲ. ಅಂಬಾಸಡರ್ ಇದ್ದ ಕಾಲದಲ್ಲಿ ಬಾಡಿಗೆಗೆ ಒಂದು ಕಾರು ತಂದರೆ 'ಜಾಗ ಇಲ್ಲ' ಎಂಬ ಮಾತು ಮೊದಲು ಬಂದು ತಾಗುತ್ತಿದ್ದುದು ಸೊಸೆಗೇ. ನೀನು ಇನ್ನೊಂದು ಸಲ ಬಂದರಾಯಿತು, ಮನೆಯಲ್ಲಿ ಯಾರಾದರೂ ಇರಬೇಕಲ್ಲ, ಹಾಲಿನವನು ಬರುತ್ತಾನೆ, ದನಕ್ಕೆ ಹುಲ್ಲು ಹಾಕಬೇಕು. ನಮ್ಮ ಅತ್ತೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಧರ್ಮಸ್ಥಳ ನೋಡಿದರಂತೆ, ಅಲ್ಲಿಯವರೆಗೆ ಪ್ರಸಾದ ಮಾತ್ರ ಬರುತ್ತಿತ್ತು. 1994ರಲ್ಲಿ ಟಾಟಾ ಸುಮೋ ಬಂತು. ಹಿಂಭಾಗದಲ್ಲಿ ಎದುರುಬದುರು ಬೆಂಚು, ಮೊಣಕಾಲಿಗೆ ಮೊಣಕಾಲು. 2000ದಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಕ್ವಾಲಿಸ್ ಬಂತು, 2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಆಮೇಲೆ ಜೀಪಿನ ಎತ್ತರ, ಕಾರಿನ ನಯ ಎರಡೂ ಇರುವ ಎಸ್‌ಯುವಿಗಳ ಸರದಿ. 2021 ಒಂದೇ ವರ್ಷದಲ್ಲಿ ಮೂರು ಸಾಲಿನ ಸಫಾರಿ, ಅಲ್ಕಜಾರ್, ಎಕ್ಸ್‌ಯುವಿ 700 ಎಲ್ಲ ಬಂದವು. ಸೊಸೆಗೂ ಜಾಗವಾಯಿತು. ಮೊದಲು ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು, ಈಗ ಹಿಂದೆ ಹಾಕಿಕೊಂಡು ಹೋಗುತ್ತಾರೆ. ಇದನ್ನು ಪ್ರಗತಿ ಎನ್ನುವುದಾದರೆ ಅದು ಸುಮಾರು ಆರು ಅಡಿಯ ಪ್ರಗತಿ.

ನಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದೆ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಹೇಳಿದರೆ ಓದಿದವರು ಆ ಕಂಪನಿಯನ್ನು ಬೈದು, ನಮ್ಮದು ಬೇರೆಯದಪ್ಪಾ ಎಂದು ಪುಟ ಮಗುಚಿಬಿಡುತ್ತಾರೆ. ನನ್ನ ತಕರಾರು ಕಂಪನಿಯ ಮೇಲಲ್ಲ, ಕೊಳ್ಳುವ ಮನೆಗಳ ಮೇಲೆ. ಸಾಲ 14 ಲಕ್ಷ, ನೂರಕ್ಕೆ 9ರ ಬಡ್ಡಿ, ಏಳು ವರ್ಷ. ತಿಂಗಳಿಗೆ 22,500 ರೂಪಾಯಿ ಚಿಲ್ಲರೆ ಕಂತು. ಅದರಲ್ಲಿ ಅರ್ಧ ನನ್ನ ಸಂಬಳದಿಂದ ಹೋಗುತ್ತದೆ. ನಾನೊಬ್ಬಳು ಹೈಸ್ಕೂಲು ಮೇಡಂ. ಶೋರೂಮಿಗೆ ಐದು ಜನ ಹೋಗಿದ್ದೆವು. ನಮ್ಮವರು ಇಂಜಿನ್ನಿನ ಬಗ್ಗೆ ಕೇಳಿದರು, ಮಾವ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದರು, ಮಗ ಮಾಡಿನ ಕಿಟಕಿ ತೆರೆದು ತಲೆ ಹೊರಗೆ ಹಾಕಿದ. ಅತ್ತೆಗೂ ನನಗೂ ಸೋಫಾ ತೋರಿಸಿ ಕಾಫಿ ಕೊಟ್ಟರು. ಮೂರನೇ ಸಾಲಿನ ಸೀಟು ಅವತ್ತು ಮಡಚಿಯೇ ಇತ್ತು. ಡಿಕ್ಕಿ ಎಷ್ಟು ದೊಡ್ಡದು ನೋಡಿ ಸಾರ್ ಎಂದು ಆ ಹುಡುಗ ತೋರಿಸಿದ. ಆ ದೊಡ್ಡ ಡಿಕ್ಕಿಯೇ ನಾಳೆ ನಾವು ಕೂರುವ ಜಾಗ ಎಂಬುದು ಅವನಿಗೂ ಗೊತ್ತಿತ್ತು, ಆದರೆ ಅವನು ಮಾರುವವನು. ಗಾಡಿ ಕೊಡುವ ದಿನ ಹೂವಿನ ಗುಚ್ಛ, ಸಿಹಿ ಡಬ್ಬ, ರಟ್ಟಿನ ದೊಡ್ಡ ಕೀಲಿಕೈ ಎಲ್ಲ ಕೊಟ್ಟು, ಮೇಡಂ ನೀವು ಮುಂದೆ ಬನ್ನಿ ಎಂದು ಫೋಟೋ ತೆಗೆದರು. ಮುಂದೆ ಬನ್ನಿ ಎಂದು ನನ್ನನ್ನು ಆ ಗಾಡಿಯ ವಿಷಯದಲ್ಲಿ ಕರೆದದ್ದು ಅದೇ ಮೊದಲು.

ಈಗ ಒಳಗೆ ಹೋಗೋಣ. ಹೋಗುವುದೇ ಒಂದು ಕಸರತ್ತು. ಗಾಡಿಯ ನೆಲ ಎತ್ತರ. ನಡುವಿನ ಸೀಟನ್ನು ಮಡಚಿ ಮುಂದಕ್ಕೆ ಎತ್ತಿ ಹಿಡಿಯಲು ಒಬ್ಬರು ಬೇಕು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈ ನೆರಿಗೆಯಲ್ಲಿ, ತಲೆ ಎದೆಗೆ. ಚೂಡಿದಾರ ಹಾಕಿದ ಹುಡುಗಿ ನುಸುಳಿಬಿಡುತ್ತಾಳೆ. ಐವತ್ತು ದಾಟಿದ, ಸೊಂಟನೋವಿನ, ಒಂಬತ್ತು ಗಜವೋ ಆರು ಗಜವೋ ಸುತ್ತಿಕೊಂಡ ಹೆಂಗಸು ಏನು ಮಾಡಬೇಕು? ಹತ್ತಿದ ಮೇಲೆ ಕೂರುವುದೂ ಸುಖವಲ್ಲ. ಹಿಂದಿನ ಚಕ್ರಗಳ ಅಚ್ಚು, ಇನ್ನೂ ಏನೇನೋ ಆ ಸೀಟಿನ ಅಡಿಯಲ್ಲೇ ಬರುವುದರಿಂದ ಅಲ್ಲಿ ನೆಲ ಮೇಲೆ, ಸೀಟು ಕೆಳಗೆ. ಮೊಣಕಾಲು ಎದೆಯ ಹತ್ತಿರ ಬರುತ್ತದೆ, ತೊಡೆಗೆ ಆಸರೆಯಿಲ್ಲ. ಮಣೆಯ ಮೇಲೆ ಕೂತು ಕಾಲು ಚಾಚಲಾಗದೆ ಮೂರು ಗಂಟೆ ಹೂ ಕಟ್ಟಿದರೆ ಸೊಂಟಕ್ಕೆ ಏನಾಗುತ್ತದೋ ಅದೇ, ಆದರೆ ಮಣೆ ಕುಣಿಯುವುದಿಲ್ಲ.

ಕುಣಿತಕ್ಕೂ ಕಾರಣವಿದೆ. ಗಾಡಿಯ ನಡುಭಾಗದಲ್ಲಿ ಕೂತವರಿಗೆ ಹಂಪ್ ಹಾರಿದ್ದು ಒಂದು ಅಲುಗಾಟ ಅಷ್ಟೇ. ಹಿಂದಿನ ಚಕ್ರದ ಮೇಲೋ ಅದರಾಚೆಗೋ ಕೂತವರು, ತಕ್ಕಡಿಯ ತುದಿಯಲ್ಲಿ ಕೂತ ಹಾಗೆ, ಏಳುವುದೂ ಬೀಳುವುದೂ ಹೆಚ್ಚು. ತಿರುವಿನಲ್ಲಿ ತೂಗಾಟವೂ ಹೆಚ್ಚು. ಮೇಲಾಗಿ ಅಲ್ಲಿಂದ ರಸ್ತೆ ಕಾಣುವುದಿಲ್ಲ, ಮುಂದಿನವರ ತಲೆ ಕಾಣುತ್ತದೆ. ಕಣ್ಣು 'ನಿಂತಿದ್ದೇವೆ' ಎನ್ನುತ್ತದೆ, ಕಿವಿಯ ಒಳಗಿನ ಸಮತೋಲದ ಅಂಗ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ನಮ್ಮೂರ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಕೂತವರು ಕಿಟಕಿ ಇಳಿಸಿ ಮಂಜು ನೋಡಿ ಆಹಾ ಎನ್ನುತ್ತಿರುತ್ತಾರೆ. ಹಿಂದೆ ಕೂತವಳು ಒಂದು ಕೈಯಲ್ಲಿ ಮೂಸಿ ನೋಡಲು ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಮಗುವಿನ ಬಾಯಿಗೆ ಪ್ಲಾಸ್ಟಿಕ್ ಕವರು ಹಿಡಿದು ಸೋಮೇಶ್ವರ ಯಾವಾಗ ಬರುತ್ತದೆ ಎಂದು ಎಣಿಸುತ್ತಿರುತ್ತಾಳೆ. ಹಿಂದಿನ ಆ ಸಣ್ಣ ಕಿಟಕಿ ತೆರೆಯುವುದಿಲ್ಲ. 'ಏ.ಸಿ. ಹಾಕಿದೆಯಲ್ಲ' ಎನ್ನುತ್ತಾರೆ. ಹಾಕಿದೆ, ಅವರಿಗೆ.

ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಶೋರೂಮಿನಲ್ಲಿ ತೋರಿಸಿದ ಆ ಡಿಕ್ಕಿ ಮಾಯ. ಎರಡು ಬ್ಯಾಗು ನಿಲ್ಲಿಸಿದರೆ ಮುಗಿಯಿತು. ಏಳು ಜನರಿಗೆ ಎರಡು ಬ್ಯಾಗೇ? ಉಳಿದವು ಎಲ್ಲಿಗೆ ಹೋಗುತ್ತವೆ ಎಂದರೆ, ಹಿಂದೆ ಕೂತವರ ಕಾಲಡಿಗೆ ಮತ್ತು ತೊಡೆಯ ಮೇಲಕ್ಕೆ. ಚಕ್ಕುಲಿ ಡಬ್ಬ, ಉಪ್ಪಿನಕಾಯಿ ಭರಣಿ, ಬೀಗರ ಮನೆಗೆ ಒಯ್ಯುವ ಬಾಳೆಗೊನೆ. ಸಾಮಾನಿನ ಜಾಗದಲ್ಲಿ ಹೆಂಗಸರನ್ನು ಕೂರಿಸಿ, ಹೆಂಗಸರ ಮೇಲೆ ಸಾಮಾನು ಇಡುವ ಈ ವ್ಯವಸ್ಥೆಯನ್ನು ಯಾವ ತಲೆ ಕಂಡುಹಿಡಿಯಿತೋ! ಈಚೆಗೆ ನಡುವಿನ ಸಾಲಿನಲ್ಲಿ ಕೈ ಇಡಲು ಆಸರೆ ಇರುವ ಎರಡು ಬಿಡಿ ಕುರ್ಚಿ ಹಾಕಿ ಅದಕ್ಕೆ 'ಕ್ಯಾಪ್ಟನ್ ಸೀಟು' ಎನ್ನುತ್ತಾರೆ. ಕ್ಯಾಪ್ಟನ್ ಎಂದ ಮೇಲೆ ಕೂಲಿಗಳೂ ಇರಬೇಕಲ್ಲ, ಅವರು ಹಿಂದೆ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಓದುವವರು ಹೆಂಗಸರೇ, ಸಂಕೋಚವೇಕೆ? ದೂರದ ಪ್ರಯಾಣದ ದಿನ ಬೆಳಿಗ್ಗೆ ಕಾಫಿ ಕುಡಿಯದ, ದಾರಿಯುದ್ದಕ್ಕೂ ನೀರಿನ ಬಾಟಲಿ ಮುಟ್ಟದ ಹೆಂಗಸರು ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಣಿಸಿ. ಹಿಂದೆ ಕೂತವಳು ಒಮ್ಮೆ ಇಳಿಯಬೇಕಾದರೆ ಮಾವನವರು ಮೊಣಕಾಲು ನೋವಿನಲ್ಲಿ ಇಳಿಯಬೇಕು, ಮಲಗಿದ ಮಗುವನ್ನು ಎಬ್ಬಿಸಬೇಕು, ಸೀಟು ಮಡಚಬೇಕು, ಇಡೀ ಗಾಡಿಗೆ ಅವಳ ಅವಸರ ಏನೆಂದು ತಿಳಿಯಬೇಕು. ಇಷ್ಟು ಮೆರವಣಿಗೆ ಯಾರಿಗೆ ಬೇಕು? ಅವಳು ತಡೆದುಕೊಳ್ಳುತ್ತಾಳೆ. ತಿಂಗಳ ಆ ಮೂರು ದಿನವಾದರೆ ಹೇಳುವುದೇ ಬೇಡ. ನೀರು ಕುಡಿಯದೆ ಹೀಗೆ ತಡೆದುಕೊಂಡರೆ ಮೂತ್ರದ ಸೋಂಕಿಗೆ ದಾರಿ ಎಂದು ಯಾವ ಡಾಕ್ಟರಮ್ಮನನ್ನು ಕೇಳಿದರೂ ಹೇಳುತ್ತಾರೆ. ನನ್ನ ವಾರಗಿತ್ತಿ ಒಂದು ಬೆಂಗಳೂರು ಪ್ರಯಾಣ ಮುಗಿಸಿ ಬಂದು ಐದು ದಿನ ಮಾತ್ರೆ ನುಂಗಿದಳು. ಮನೆಯಲ್ಲಿ ಎಲ್ಲರೂ 'ಹೊರಗಿನ ಊಟ ಸೇರಲಿಲ್ಲ' ಎಂದರು.

ಇದೆಲ್ಲ ಅನನುಕೂಲದ ಮಾತಾಯಿತು; ಹೆಂಗಸರು ಹೊಂದಿಕೊಂಡು ಹೋಗಬೇಕು ಎನ್ನುವವರು ಇದ್ದೇ ಇರುತ್ತಾರೆ. ಆದರೆ ಜೀವದ ಮಾತೂ ಇದೆ. ನಮ್ಮ ಗಾಡಿಯಲ್ಲಿ ನಾನೇ ಅಳೆದು ನೋಡಿದೆ. ಮೂರನೇ ಸಾಲಿನಲ್ಲಿ ಕೂತಾಗ ತಲೆಯ ಹಿಂಭಾಗಕ್ಕೂ ಹಿಂಬಾಗಿಲ ಗಾಜಿಗೂ ನಡುವೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಹಿಂದಿನಿಂದ ಲಾರಿಯೊಂದು ಬ್ರೇಕ್ ಸಿಗದೆ ಬಂದರೆ ಅದು ಮೊದಲು ಭೇಟಿಯಾಗುವುದು ಆ ಸಾಲಿನವರನ್ನು. ಗಾಡಿಗೆ ಐದು ನಕ್ಷತ್ರ ಬಂದಿದೆ ಎಂದು ಗಂಡಸರು ಎದೆ ತಟ್ಟಿಕೊಳ್ಳುತ್ತಾರೆ. ಆ ನಕ್ಷತ್ರ ಹೇಗೆ ಬರುತ್ತದೆ ಕೇಳಿದ್ದೀರಾ? ನಮ್ಮ ದೇಶದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾದದ್ದು 2023ರ ಅಕ್ಟೋಬರ್ 1ರಿಂದ. ಅದರ ಮೊದಲ ನಿಯಮದಂತೆ ಗಾಡಿಯನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂದಿನಿಂದ ಗುದ್ದಿಸುತ್ತಾರೆ, 50 ಕಿ.ಮೀ. ವೇಗದಲ್ಲಿ ಪಕ್ಕದಿಂದ ಗುದ್ದುತ್ತಾರೆ, ಕಂಬಕ್ಕೆ ಗುದ್ದುವುದೂ ಉಂಟು. ಮುಂದಿನ ಸೀಟಿನಲ್ಲಿ ದೊಡ್ಡವರ ಅಳತೆಯ ಗೊಂಬೆ, ಅದರ ಹಿಂದಿನ ಸಾಲಿನಲ್ಲಿ ಮಕ್ಕಳ ಅಳತೆಯ ಗೊಂಬೆ. ಹಿಂದಿನಿಂದ ಗುದ್ದುವ ಪರೀಕ್ಷೆ ಅದರಲ್ಲಿ ಇರಲಿಲ್ಲ. ಮೂರನೇ ಸಾಲಿನಲ್ಲಿ ಒಂದು ಗೊಂಬೆಯನ್ನೂ ಕೂರಿಸಲಿಲ್ಲ. ಗೊಂಬೆಯನ್ನೂ ಕೂರಿಸದ ಕಡೆ ನಮ್ಮನ್ನು ಕೂರಿಸುತ್ತಾರೆ. ಪಕ್ಕದ ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವ ಏರ್‌ಬ್ಯಾಗು ಕೆಲವು ಗಾಡಿಗಳಲ್ಲಿ ಮೂರನೇ ಸಾಲಿನವರೆಗೆ ಬರುತ್ತದೆ, ಕೆಲವದರಲ್ಲಿ ಬರುವುದಿಲ್ಲ, ಕೇಳಿ ತಿಳಿದುಕೊಳ್ಳಬೇಕು. ಮಕ್ಕಳ ಸೀಟನ್ನು ಬಿಗಿಯುವ ಕೊಂಡಿ ಬಹುಪಾಲು ಗಾಡಿಗಳಲ್ಲಿ ನಡುವಿನ ಸಾಲಿಗೇ ಕೊಟ್ಟಿರುತ್ತಾರೆ. ಆದರೆ ಆ ಜಾಗದಲ್ಲಿ ಭಾವನವರು ಕೂತು ಮೊಬೈಲ್ ನೋಡುತ್ತಿರುತ್ತಾರೆ, ಮಗು ಅಮ್ಮನ ತೊಡೆಯ ಮೇಲೆ ಹಿಂದೆ.

ಬೆಲ್ಟಿನ ಕಥೆ ಕೇಳಿ. ಮುಂದಕ್ಕೆ ಮುಖಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಹಾಕಲೇಬೇಕು ಎಂಬುದು ಕಾನೂನು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹಾಕದಿದ್ದವರಿಗೆ 1000 ರೂಪಾಯಿ ದಂಡ ಇಟ್ಟಿತು. 14 ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೂ ಅಷ್ಟೇ ದಂಡ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಹಿಂದಿನ ಸೀಟಿನಲ್ಲೇ. ಹಿಂದೆ ಕೂತಿದ್ದ ಇಬ್ಬರೂ ಹೋದರು, ಮುಂದೆ ಕೂತಿದ್ದ ಇಬ್ಬರು ಗಾಯಗೊಂಡು ಉಳಿದರು. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದು ಎಂಥ ದುಬಾರಿ ಕಾರು ಎಂಬುದೂ ಪತ್ರಿಕೆಯಲ್ಲಿ ಬಂದಿತ್ತು. ಆ ವಾರ ನಮ್ಮ ಓಣಿಯಲ್ಲೆಲ್ಲ ಹಿಂದಿನ ಬೆಲ್ಟಿನದೇ ಮಾತು. ಮುಂದಿನ ವಾರ ನಮ್ಮ ಗಾಡಿಯ ಮೂರನೇ ಸಾಲಿನ ಬೆಲ್ಟ್ ಹುಡುಕಿದರೆ ಅದು ಸೀಟಿನ ಸಂದಿಯಲ್ಲಿ, ಕಡಲೆಬೀಜದ ಸಿಪ್ಪೆಯ ನಡುವೆ ಹೂತುಹೋಗಿತ್ತು. ಎರಡು ಸೀಟಿಗೆ ಮೂವರನ್ನು ಕೂರಿಸುವಾಗ ಬೆಲ್ಟ್ ಅಡ್ಡ ಬರುತ್ತದೆ ಎಂದು ಯಾರೋ ಒಳಗೆ ತುರುಕಿದ್ದರು. ಆ ಮೂವರು ಯಾರೆಂದು ಹೇಳಬೇಕಾಗಿಲ್ಲ.

ಸರ್ಕಾರಿ ಬಸ್ಸಿಗೆ ಈ ವಿಷಯದಲ್ಲಿ ನಮ್ಮ ಮನೆಗಳಿಗಿಂತ ಹೆಚ್ಚು ಮರ್ಯಾದೆ ಗೊತ್ತಿದೆ. ಕೆ.ಎಸ್.ಆರ್.ಟಿ.ಸಿ. ಬಸ್ಸು ಹತ್ತಿದರೆ 'ಮಹಿಳೆಯರಿಗೆ' ಎಂದು ಬರೆದ ಸೀಟು ಎಲ್ಲಿರುತ್ತದೆ? ಮುಂಭಾಗದಲ್ಲಿ. ಕುಲುಕಾಟದ ಹಿಂದಿನ ಸೀಟು ಕಾಲೇಜು ಹುಡುಗರಿಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಬಸ್ಸಿನಲ್ಲಿ ನಮಗೆ ಟಿಕೆಟಿನ ಹಣವೂ ಇಲ್ಲ. ಬಿಟ್ಟಿ ಪ್ರಯಾಣ ಎಂದು ಆಡಿಕೊಳ್ಳುವವರು ಆಡಿಕೊಳ್ಳಲಿ. ಬಿಟ್ಟಿ ಬಸ್ಸಿನಲ್ಲಿ ಮುಂದಿನ ಸೀಟು, ತಿಂಗಳಿಗೆ ಹನ್ನೊಂದು ಸಾವಿರದ ಮೇಲೆ ಕೊಟ್ಟ ಸ್ವಂತ ಗಾಡಿಯಲ್ಲಿ ಹಿಂದಿನ ಸೀಟು. ನಾನು ತೀರ್ಥಹಳ್ಳಿಯ ತವರಿಗೆ ಈಗ ಬಸ್ಸಿನಲ್ಲೇ ಹೋಗುತ್ತೇನೆ. ಕಿಟಕಿ ತೆರೆಯುತ್ತದೆ, ಕಾಲು ನೆಲಕ್ಕೆ ತಾಗುತ್ತದೆ, ನಿಲ್ದಾಣದಲ್ಲಿ ಇಳಿಯಲು ಯಾರ ಅಪ್ಪಣೆಯೂ ಬೇಡ.

ಇಷ್ಟು ಹೇಳಿದರೆ ಉತ್ತರಗಳು ಸಾಲಾಗಿ ಬರುತ್ತವೆ. ನೀವು ಗಿಡ್ಡ ಇದ್ದೀರಿ, ಅಲ್ಲಿ ಸರಿಯಾಗುತ್ತದೆ ಎನ್ನುತ್ತಾರೆ. ನಮ್ಮ ಅತ್ತೆ ಮಾವನಿಗಿಂತ ಎರಡು ಅಂಗುಲ ಎತ್ತರ, ಆದರೂ ಹಿಂದೆ. ದಾರಿ ತೋರಿಸಲು ಮುಂದೆ ಗಂಡಸು ಬೇಕು ಎನ್ನುತ್ತಿದ್ದರು. ಈಗ ಗೂಗಲ್‌ನಲ್ಲಿ ದಾರಿ ತೋರಿಸುತ್ತಿರುವ ದನಿ ಹೆಂಗಸಿನದೇ, ಅದೂ ಮುಂದೆ ಕೂತು ಹೇಳುತ್ತದೆ, ಎಲ್ಲರೂ ಕೇಳುತ್ತಾರೆ. ಮಕ್ಕಳಿಗೆ ಅಮ್ಮನೇ ಬೇಕು ಎಂಬುದು ಇನ್ನೊಂದು. ಇರಲಿ, ಅಮ್ಮ ಮತ್ತು ಮಕ್ಕಳು ನಡುವಿನ ಸಾಲಿಗೆ ಬರಲಿ, ಅಪ್ಪ ಹಿಂದೆ ಹೋಗಲಿ, ಬೇಡ ಎಂದವರು ಯಾರು? ಎಲ್ಲಕ್ಕಿಂತ ಕಷ್ಟದ ಉತ್ತರ ಹೆಂಗಸರಿಂದಲೇ ಬರುವಂಥದ್ದು. ಗಾಡಿಯ ಬಾಗಿಲಲ್ಲಿ ನಿಂತು ನಮ್ಮ ಅತ್ತೆ, "ನಂಗೆ ಹಿಂದೇನೇ ಆರಾಮ ಕಣೆ, ನೀವೆಲ್ಲ ಕೂತ್ಕೊಳಿ" ಎನ್ನುತ್ತಾರೆ. ಅವರಿಗೆ ಅಲ್ಲಿ ಆರಾಮವಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು, ಮಗನಿಗೂ ಗೊತ್ತು. ಅವರು ಹಾಗೆ ಹೇಳಿದ ಮೇಲೆ ನಾನು ನಡುವೆ ಕೂತರೆ ನಾನು ಎಂಥ ಸೊಸೆ? ಹಾಗಾಗಿ ನಾನೂ ಹಿಂದೆ. ಹೀಗೆ ಒಬ್ಬಳ ತ್ಯಾಗ ಇನ್ನೊಬ್ಬಳನ್ನು ಎಳೆದುಕೊಂಡು ಹೋಗುತ್ತದೆ, ನಡುವಿನ ಸಾಲಿನಲ್ಲಿ ಗಂಡಸರು ಕಾಲು ಚಾಚುತ್ತಾರೆ. ಅತ್ತೆಯಂದಿರಿಗೆ ಕೈಮುಗಿದು ಕೇಳುತ್ತೇನೆ: ಅಮ್ಮಾ, 'ನಂಗೆ ಹಿಂದೇನೇ ಆರಾಮ' ಎಂಬ ಈ ಒಂದು ಸುಳ್ಳನ್ನು ಬಿಟ್ಟುಬಿಡಿ. ಉಳಿದ ಸುಳ್ಳುಗಳನ್ನು, ಊಟ ಆಯ್ತು, ಹಸಿವಿಲ್ಲ, ಸೀರೆ ಬೇಡ, ಅವನ್ನೆಲ್ಲ ಆಮೇಲೆ ನೋಡೋಣ.

ದೊಡ್ಡ ಗಾಡಿ ನಿನಗೆ ಓಡಿಸಲು ಆಗುವುದಿಲ್ಲ ಎಂಬುದೂ ಒಂದು ಬೇಲಿ. ಸಣ್ಣ ಕಾರಿಗೆ ಬೇಕಾದ ಅದೇ ಎಲ್.ಎಂ.ವಿ. ಲೈಸೆನ್ಸು ಇದಕ್ಕೂ ಸಾಕು. ಸ್ಟೀರಿಂಗ್ ಬೆರಳಿನಲ್ಲಿ ತಿರುಗುತ್ತದೆ, ಎತ್ತರದಲ್ಲಿ ಕೂರುವುದರಿಂದ ರಸ್ತೆ ಇನ್ನೂ ಚೆನ್ನಾಗಿ ಕಾಣುತ್ತದೆ. ಉದ್ದಕ್ಕೆ ಅಭ್ಯಾಸವಾಗಲು ನನಗೆ ಎರಡು ವಾರ ಹಿಡಿಯಿತು, ರಿವರ್ಸಿಗೆ ಇನ್ನೊಂದು ವಾರ. ಹೋದ ವರ್ಷ ಸಾಗರದಲ್ಲಿ ಗೃಹಪ್ರವೇಶವಿತ್ತು. ನಾನು ಓಡಿಸುತ್ತೇನೆ ಎಂದೆ. ಅತ್ತೆ ನನ್ನ ಪಕ್ಕಕ್ಕೆ ಬಂದರು. ಮಾವ, ವಾರಗಿತ್ತಿ, ಅವಳ ಮಗು ನಡುವೆ. ಉಳಿದದ್ದು ನಮ್ಮವರು ಮತ್ತು ನನ್ನ ಮಗ. ಹತ್ತುವಾಗಲೇ ನಮ್ಮವರ ತಲೆ ಒಂದು ಸಲ ತಾಗಿತು. ಆಯನೂರಿನವರೆಗೆ ರಾಜಕೀಯ ಮಾತಾಡಿದರು. ಕುಂಸಿಯ ಹಂಪುಗಳಲ್ಲಿ ಮಾತು ನಿಂತಿತು. ಕನ್ನಡಿಯಲ್ಲಿ ನೋಡಿದರೆ ಎರಡು ಮೊಣಕಾಲುಗಳ ನಡುವೆ ಅವರ ಮುಖ ಕಾಣುತ್ತಿತ್ತು. ಆನಂದಪುರದಲ್ಲಿ "ಸ್ವಲ್ಪ ನಿಲ್ಲಿಸು, ಟೀ ಕುಡಿಯೋಣ" ಎಂದರು. ನಮ್ಮವರು ಟೀ ಕುಡಿಯುವವರಲ್ಲ. ಅವತ್ತು ಎರಡು ಕುಡಿದರು, ನಿಂತುಕೊಂಡೇ.

ಹಣದ ಮಾತನ್ನೂ ಆಡಿಬಿಡುತ್ತೇನೆ, ಏಕೆಂದರೆ 'ಎಲ್ಲರೂ ಒಟ್ಟಿಗೆ ಹೋಗಬಹುದು' ಎಂಬ ಒಂದೇ ಮಾತಿನಿಂದ ಈ ಗಾಡಿ ನಮ್ಮ ಮನೆಗಳಿಗೆ ಬರುತ್ತದೆ. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ವರ್ಷ ಗುರುತು ಹಾಕಿದೆ. ಮೂರನೇ ಸಾಲನ್ನು ಎತ್ತಿ ನಿಲ್ಲಿಸಿದ್ದು 19 ದಿನ. ಅದರಲ್ಲಿ 12 ದಿನ ಊರೊಳಗಿನ ಮದುವೆ, ಮುಂಜಿ, ಆಸ್ಪತ್ರೆ. ಅದಕ್ಕೆ ಇನ್ನೊಂದು ಆಟೋ ಸಾಕಿತ್ತು, ಹೋಗಿ ಬರಲು 300 ರೂಪಾಯಿ ಎಂದರೂ 3,600. ಉಳಿದ 7 ದಿನ ಪರಊರು. ನಮ್ಮೂರಲ್ಲಿ ನಾವು ಕರೆಯುವ ಬಾಡಿಗೆ ಗಾಡಿಯವರು ಕಿಲೋಮೀಟರಿಗೆ 18 ರೂಪಾಯಿಯಂತೆ ದಿನಕ್ಕೆ 300 ಕಿ.ಮೀ. ಲೆಕ್ಕ ಹಿಡಿದು, ಡ್ರೈವರ್ ಭತ್ಯೆ 400 ಸೇರಿಸಿ 5,800 ತೆಗೆದುಕೊಳ್ಳುತ್ತಾರೆ. ಏಳು ದಿನಕ್ಕೆ 40,600. ಎರಡೂ ಸೇರಿ ವರ್ಷಕ್ಕೆ 44,200, ಏಳು ವರ್ಷಕ್ಕೆ 3 ಲಕ್ಷದ 10 ಸಾವಿರದ ಹತ್ತಿರ. ಐದು ಸೀಟಿನ ಒಳ್ಳೆಯ ಕಾರಿಗೂ ನಮ್ಮ ಗಾಡಿಗೂ ಬೆಲೆಯಲ್ಲಿ ಇದ್ದ ಅಂತರವೇ 6 ಲಕ್ಷ. ಅದರ ಮೇಲೆ ಬಡ್ಡಿ, ಹೆಚ್ಚಿನ ಡೀಸೆಲ್, ಹೆಚ್ಚಿನ ಇನ್ಶೂರೆನ್ಸು. ಬೆಲೆ ಏರಿದಂತೆ ಆಜೀವ ತೆರಿಗೆಯ ದರವೂ ಏರುತ್ತದೆ. ಮಿಕ್ಕ 346 ದಿನ ಆ ಗಾಡಿಯಲ್ಲಿ ನಮ್ಮವರೊಬ್ಬರೇ ಆಫೀಸಿಗೆ ಹೋಗಿ ಬರುತ್ತಾರೆ, ಆರು ಸೀಟಿಗೆ ಗಾಳಿ ಹಾಕಿಸಿಕೊಂಡು. ದೊಡ್ಡ ಗಾಡಿಯ ಆಸೆ ಗಂಡಸರಿಗೆ ಇರಬಾರದು ಎಂದಲ್ಲ. ಆಸೆಯಿದ್ದರೆ ಆಸೆ ಎಂದೇ ಹೇಳಲಿ. ಅಮ್ಮನಿಗಾಗಿ, ಮಕ್ಕಳಿಗಾಗಿ, ನಿನಗಾಗಿ ಎಂದು ನಮ್ಮ ಹೆಸರಿನಲ್ಲಿ ಸಾಲದ ಅರ್ಜಿ ತುಂಬುವುದೇಕೆ?

ಮನೆಯಲ್ಲಿ ಜನ ಹೆಚ್ಚು, ಬೇರೆ ದಾರಿಯಿಲ್ಲ ಎನ್ನುವವರು ಕೊಳ್ಳಲಿ. ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಅಪ್ಪನನ್ನು ಕರೆದೊಯ್ಯುವ ಮನೆಗೆ, ಮೂರು ತಲೆಮಾರು ಒಟ್ಟಿಗೆ ಇರುವ ಮನೆಗೆ ಅದು ಬೇಕಾದೀತು. ಅಂಥ ಮನೆಯಲ್ಲಿ ಸರದಿ ಇರಲಿ. ಹೋಗುವಾಗ ಒಬ್ಬರು ಹಿಂದೆ ಕೂತರೆ ಬರುವಾಗ ಇನ್ನೊಬ್ಬರು. ಇಪ್ಪತ್ತು ವರ್ಷದ ಮಗನಿಗೆ ಮೊಣಕಾಲು ಎದೆಗೆ ಬಂದರೆ ಏನೂ ಆಗುವುದಿಲ್ಲ, ಜಿಮ್ಮಿಗೆ ದುಡ್ಡು ಕೊಟ್ಟು ಅದನ್ನೇ ಮಾಡುತ್ತಾನೆ. ಬೆಲ್ಟಿಲ್ಲದೆ ಗಾಡಿ ಹೊರಡಬಾರದು, ಎರಡು ಸೀಟಿಗೆ ಇಬ್ಬರೇ. ಗಂಟೆಗೊಮ್ಮೆ, ಯಾರೂ ಕೇಳದಿದ್ದರೂ, ನಿಲ್ಲಿಸಬೇಕು.

ದಾವಣಗೆರೆಯಲ್ಲಿರುವ ನನ್ನ ನಾದಿನಿ ಹೋದ ತಿಂಗಳು ಫೋನ್ ಮಾಡಿದ್ದಳು. ಅವರ ಮನೆಯಲ್ಲೂ ಏಳು ಸೀಟಿನದು ತೆಗೆದುಕೊಳ್ಳಬೇಕೆಂದು ಗೊತ್ತಾಗಿದೆಯಂತೆ. "ಅತ್ತಿಗೆ, ಬಿಳೀದು ತಗೊಳ್ಳೋದೋ, ನೀಲೀದೋ?" ಎಂದಳು. ಬಣ್ಣ ಇರಲಿ, ನಿಮ್ಮ ಅತ್ತೆಗೆ ಒಳ್ಳೆಯ ಸೀರೆ ಉಡಿಸಿ ಶೋರೂಮಿಗೆ ಕರೆದುಕೊಂಡು ಹೋಗು, ಜೊತೆಗೆ ಊರಿಗೆ ಹೊರಡುವಾಗ ಒಯ್ಯುವಷ್ಟೂ ಬ್ಯಾಗು ಒಯ್ಯಿ, ಏಳೂ ಜನ ಕೂತು ಹರಿಹರದವರೆಗೆ ಹೋಗಿ ಬನ್ನಿ, ಹೋಗುವಾಗ ನೀನು ಹಿಂದೆ, ಬರುವಾಗ ನಿನ್ನ ಗಂಡ ಎಂದೆ. ಶೋರೂಮಿನವನು ಟೆಸ್ಟ್ ಡ್ರೈವ್ ಐದು ಕಿಲೋಮೀಟರು ಮಾತ್ರ, ಇಬ್ಬರೇ ಬನ್ನಿ ಎಂದನಂತೆ. ಹತ್ತೊಂಬತ್ತು ಲಕ್ಷ ಕೊಡುವವರು ನಾವು, ಏಳು ಸೀಟು ಇದೆ ಎನ್ನುವವರು ನೀವು ಎಂದು ಇವಳು ಪಟ್ಟು ಹಿಡಿದಳಂತೆ. ಹರಿಹರಕ್ಕೆ ಹೋಗಿ ಬಂದಿದ್ದಾರೆ. ಬಣ್ಣದ ವಿಷಯಕ್ಕೆ ಅವಳು ಮತ್ತೆ ಫೋನ್ ಮಾಡಿಲ್ಲ.